ಹಪ್ಪಳದ ಕೆಳಗೆ ಬಂದ ಕಮೆಂಟು

ಆ ಮೇ ತಿಂಗಳು ನಮ್ಮ ಹಲಸಿನ ಹಪ್ಪಳದ ಇನ್‌ಸ್ಟಾಗ್ರಾಮ್ ಪುಟಕ್ಕೆ ಹೃದಯಗಳೇನೋ ಧಾರಾಳವಾಗಿ ಬೀಳುತ್ತಿದ್ದವು, ಆರ್ಡರು ಮಾತ್ರ ಬತ್ತುತ್ತಾ ಬಂದಿತ್ತು. ಒಮ್ಮೆ ತರಿಸಿದವರು ಮತ್ತೆ ತರಿಸುತ್ತಿರಲಿಲ್ಲ. ಕಾಣಿಯೂರಿನಲ್ಲಿ ನಾನೂ ನೆರೆಮನೆಯ ಗೆಳತಿ ನೆಬೀಸನೂ ಸೊಂಟ ಬಗ್ಗಿಸಿ ಕಟ್ಟಿದ ಕೆಲಸವದು. ಹೀಗೇ ಹೋದರೆ ಮುಂದಿನ ವರ್ಷ ಹಲಸು ಬೇಯಿಸಲು ಒಲೆ ಹಚ್ಚುವುದೇ ದಂಡ. ಯಾಕೆ ಹೀಗೆ ಎಂದು ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ, ಅದೇ ನನಗೆ ಉರಿ.

ಆಗ ಚಿತ್ರದುರ್ಗದ ಹೆಂಗಸೊಬ್ಬರು ಎಲ್ಲರಿಗೂ ಕಾಣುವಂತೆ ಬರೆದರು: “ಹಪ್ಪಳಕ್ಕೆ ಏನೋ ವಾಸನೆ. ತಿನ್ನೋಕಾಗಲಿಲ್ಲ.”

ಪುಟ ನೋಡಿಕೊಳ್ಳುವ ನನ್ನ ಮಗಳು ಚಿನ್ಮಯೀ ಎಂದಿನ ಉತ್ತರ ಅಂಟಿಸಿದಳು: “ನಿಮ್ಮ ಪ್ರೀತಿಗೆ ಧನ್ಯವಾದಗಳು.” ಜೊತೆಗೆ ಮುಗಿದ ಕೈಗಳ ಚಿತ್ರ.

“ಅವರು ಬೈದದ್ದು ಮಾರಾಯ್ತಿ! ಅದಕ್ಕೆ ನೀನು ಕೈ ಮುಗಿಯುದಾ?”

“ಎಲ್ಲರಿಗೂ ಅದನ್ನೇ ಹಾಕುದು, ಅಮ್ಮ.”

ಗಂಡ ಕೃಷ್ಣಮೋಹನರದ್ದು ಇನ್ನೂ ಸುಲಭದ ದಾರಿ. “ಡಿಲೀಟ್ ಮಾಡಿ ಬಿಡಿ. ಯಾರಿಗೋ ಹೊಟ್ಟೆಕಿಚ್ಚು.”

ನಾನು ಫೋನು ಕಿತ್ತುಕೊಂಡೆ. “ಅಕ್ಕ, ನಾನು ಹಪ್ಪಳ ಮಾಡುವ ವಸುಮತಿ. ಎಂಥ ವಾಸನೆ? ದಾಕ್ಷಿಣ್ಯ ಬೇಡ, ಹೇಳಿ” ಎಂದು ಒಂದೊಂದೇ ಅಕ್ಷರ ಹುಡುಕಿ ಬರೆದೆ. ಉತ್ತರ ಬೇಗ ಬಂತು: “ಒದ್ದೆ ಗೋಣಿಚೀಲದ ಹಾಗೆ. ಕರಿದ ಮೇಲೂ ಹೋಗಲಿಲ್ಲ.”

ಅವರಿಗೆ ತೆಗೆದು ಕಳಿಸಿದ ಅದೇ ಡಬ್ಬಿಯ ಹಪ್ಪಳ ಕರಿದು ಎಲ್ಲರೂ ಮೂಸಿದೆವು. ನನಗೆ ಏನೂ ಬರಲಿಲ್ಲ, ನೆಬೀಸನಿಗೂ ಇಲ್ಲ. ಗಂಡನಂತೂ ಮೂಸುತ್ತಲೇ ಎರಡು ಹಪ್ಪಳ ಮುಗಿಸಿ, “ಸುಳ್ಳು ಹೇಳುದು ಅವರು” ಎಂದರು. ಸುಳ್ಳು ಹೇಳಿ ಅವರಿಗೆ ಸಿಗುವುದಾದರೂ ಏನು? ನನಗೆ ಛಲ ಬಂತು. ಕ್ಯಾಮೆರಾದ ಮುಂದೆ ನಿಂತು ಕೇಳಿಯೇಬಿಟ್ಟೆ: “ಈ ತಿಂಗಳ ಹಪ್ಪಳ ತಿಂದವರು ನಿಜ ಹೇಳಿ. ಹೊಗಳಿಕೆ ಬೇಡ.”

ಸಂಜೆಯೊಳಗೆ ಬಾಯಿಗಳು ಬಿಚ್ಚಿದವು. ವಾರದ ಹಿಂದೆ ಮೂರು ಹೃದಯ ಒತ್ತಿದ್ದ ಹುಬ್ಬಳ್ಳಿಯವರೇ ಬರೆದರು: “ನಮಗೂ ಬಂತು. ನಿಮ್ಮ ಕಡೆ ರುಚಿಯೇ ಹೀಗೇನೋ ಅಂದುಕೊಂಡು ಸುಮ್ಮನಾದೆವು.” ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಇವರು ಹೊಗಳಿ, ಸದ್ದಿಲ್ಲದೆ ಎದ್ದು ಹೋಗಿದ್ದರು.

ಚಿತ್ರದುರ್ಗದವರು ಮತ್ತೆ ಕೇಳಿದರು: “ಎಲ್ಲಿ ಒಣಗಿಸ್ತೀರಿ? ತೋರಿಸಿ.”

ತೋರಿಸಲೆಂದು ಫೋನು ಹಿಡಿದು ಹೋದೆ. ಈ ತಿಂಗಳು ಸಂಜೆ ಮಳೆ ಶುರುವಾದಂದಿನಿಂದ ಹಪ್ಪಳದ ಚಾಪೆಗಳನ್ನು ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡಿಗೆ ಸಾಗಿಸಿದ್ದೆವು. ಒಂದು ಬದಿಗೆ ಹಪ್ಪಳ, ಇನ್ನೊಂದು ಬದಿಗೆ ಶಾಖಕ್ಕೆ ಬೆವರುತ್ತಿದ್ದ ಅಡಿಕೆಯ ರಾಶಿ. ಆ ಬೆವರಿನ ವಾಸನೆಯನ್ನೇ ಹಪ್ಪಳ ಹೀರಿಕೊಂಡದ್ದು. ಅಡಿಕೆಯ ನಡುವೆಯೇ ಉಸಿರಾಡುವ ನಮ್ಮ ಮೂಗಿಗೆ ಅದು ವಾಸನೆಯೇ ಅಲ್ಲವಲ್ಲ!

“ಹಾಗಾದ್ರೆ ಈ ಊರಲ್ಲಿ ಯಾರು ಮೂಸಿದ್ರೂ ಗೊತ್ತಾಗ್ಲಿಕ್ಕಿಲ್ಲ ವಸುಮತಿಯಕ್ಕ!” ನೆಬೀಸ ಹಣೆ ಚಚ್ಚಿಕೊಂಡಳು.

ಚಾಪೆ, ಅಡಿಕೆ ಎರಡೂ ಕಾಣುವಂತೆ ವಿಡಿಯೋ ಮಾಡಿದೆ. ಗಂಡ ಅಡ್ಡ ಬಂದರು. “ಇದನ್ನು ಹಾಕಿದ್ರೆ ಮರ್ಯಾದೆ ಉಂಟಾ?”

“ಹಾಕದಿದ್ರೆ ಗಿರಾಕಿ ಉಂಟಾ?”

ಹಾಕಿದೆ. ತಪ್ಪು ನಮ್ಮದು, ಮೂಗು ನಿಮ್ಮದೇ ಸರಿ ಎಂದೂ ಹೇಳಿದೆ. ಆದರೆ ಮರುದಿನ ಗೊಣಗುತ್ತಲೇ ಪೈಪು ಬಗ್ಗಿಸಿ ತಾರಸಿಯ ಮೇಲೆ ಹಪ್ಪಳಕ್ಕೆಂದೇ ಬೇರೆ ಗೂಡು ಕಟ್ಟಿದವರೂ ಗಂಡನೇ.

ಹೊಸ ಹಪ್ಪಳದ ಮೊದಲ ಕಟ್ಟು ಚಿತ್ರದುರ್ಗಕ್ಕೆ ಹೋಯಿತು. ಉತ್ತರ ಬರುವವರೆಗೆ ಯಾರಿಗೂ ಕಳಿಸುವುದಿಲ್ಲವೆಂದು ಹಟ ಹಿಡಿದು ಕುಳಿತೆ. ಕೊನೆಗೆ ಬಂತು: “ವಾಸನೆ ಇಲ್ಲ. ಆದರೆ ಖಾರ ಸಾಲದು.”

“ನೋಡು! ಇವರಿಗೆ ಎಂತ ಮಾಡಿದ್ರೂ ಸಮಾಧಾನ ಇಲ್ಲ” ಎಂದರು ಗಂಡ.

ನನಗೆ ಕುಣಿಯುವಷ್ಟು ಖುಷಿ. ಮತ್ತೆ ತಿನ್ನುವ ಮನಸ್ಸಿಲ್ಲದವರು ಖಾರದ ಮಾತು ಯಾಕೆ ಎತ್ತುತ್ತಾರೆ? ಚಿನ್ಮಯೀ ಉತ್ತರ ಅಂಟಿಸಲು ಕೈ ಚಾಚಿದಳು. ಕೊಡದೆ ನಾನೇ ಬರೆದೆ: “ಎಷ್ಟು ಖಾರ ಬೇಕು, ಅಕ್ಕ?”