ಏರು ನೀರಿನ ಬಾಟಲಿ

ಶರ್ಮಿಳಾ ಗಿಂಡಿಯನ್ನು ಬಗ್ಗಿಸಿದಳು. ತುಳಸಿ ಎಲೆಯೊಂದು ಜಾರಿ ಸೂರನ ತುಟಿಗೆ ಅಂಟಿಕೊಂಡಿತು. ನೀರು ಬಾಯೊಳಗೆ ಹೋಗದೆ ಕೆನ್ನೆಯ ಮೇಲಿಂದ ಇಳಿದು ಕಿವಿಯ ಹಿಂದೆ ಎಲ್ಲೋ ಮಾಯವಾಯಿತು.

"ಸಾಕ್ ಮೇಡಮ್ರೆ, ಇನ್ನೊಬ್ರಿಗೂ ಕೊಡಿ," ಎಂದಳು ಹಿಂದೆ ನಿಂತಿದ್ದ ಬಾಗಿ. ಹೊಳೆಯಲ್ಲಿ ಚಿಪ್ಪಿ ಹೆಕ್ಕಿ ಮಾರುವವಳು. ಗಿಂಡಿ ಇಸಿದುಕೊಳ್ಳುವಾಗ ತಗ್ಗಿದ ದನಿಯಲ್ಲೇ ಸೇರಿಸಿದಳು, "ನಿಮ್ ಕಾಗ್ದದಗೆ ಹೊಳಿ ನೀರ್ ಚಂದ ಇತ್ತಂಬ್ರ್. ಹಾಂಗಾರೆ ಚಿಪ್ಪಿ ಎಂತಕ್ ಸತ್ತದ್ದ್? ನಮ್ಮತ್ರ ಸಿಟ್ಟಾ?"

ಹೆಣದ ಮುಂದೆ ಇದಕ್ಕೆ ಉತ್ತರ ಕೊಡಬೇಕಾಗಿಲ್ಲ ಎಂಬುದೇ ಒಂದು ಸಮಾಧಾನ. ಶರ್ಮಿಳಾ ಅಂಗಳಕ್ಕೆ ಇಳಿದಳು.

ಒಂಬತ್ತು ವರ್ಷಗಳಿಂದ, ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ, ಸೂರ ಅವಳ ನೀರಿನ ಪರೀಕ್ಷೆಗಾಗಿ ಹೊಳೆಯ ನೀರು ತುಂಬಿಸುತ್ತಿದ್ದ. ನಾಲ್ಕು ಜಾಗ, ನಾಲ್ಕು ಬಾಟಲಿ. ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮರವಂತೆಯಲ್ಲಿ ಬಸ್ಸು ಹತ್ತಿ, ಕುಂದಾಪುರದಲ್ಲಿ ಅವಳು ಪಾಠ ಮಾಡುವ ಕಾಲೇಜಿಗೆ ತಂದೊಪ್ಪಿಸುತ್ತಿದ್ದ. ನಿನ್ನೆ ಸಂಜೆ ಬಲೆ ಹೊಲಿಯುತ್ತ ಕೂತವನು ಹಾಗೆಯೇ ಕಂಬಕ್ಕೆ ಒರಗಿದನಂತೆ.

ಚಟ್ಟ ಕಟ್ಟಿ ಆಗಿತ್ತು. ಆದರೂ ಯಾರೂ ಎತ್ತುವ ಲಕ್ಷಣವಿರಲಿಲ್ಲ. ಸುಡುವ ಜಾಗ ಹೊಳೆಯ ನಡುಗಡ್ಡೆಯಲ್ಲಿ, ಆಚೆಯ ಕುದ್ರುವಿನಲ್ಲಿ. ದೋಣಿಯೋ ನೀರು ಇಳಿದು ಕಪ್ಪು ಕೆಸರಿನಲ್ಲಿ ಮೂಗು ಹುಗಿದುಕೊಂಡು ಮಲಗಿತ್ತು. ಕೆಸರಿನಿಂದ ಕೊಳೆತ ಮೀನಿನ ವಾಸನೆ ಏಳುತ್ತಿತ್ತು. ಹೆದ್ದಾರಿಯಾಚೆ ಕಡಲು ತನ್ನಷ್ಟಕ್ಕೆ ಬಂಡೆಗಳನ್ನು ಬಡಿಯುತ್ತಿತ್ತು.

"ಇನ್ನೆಷ್ಟ್ ಹೊತ್ತ್ ದುಗ್ಗಪ್ಪಣ್ಣ?" ಎಂದು ಯಾರೋ ಕೇಳಿದರು.

ಸೂರನ ತಮ್ಮ ದುಗ್ಗಪ್ಪ ಹೊಳೆಯ ಕಡೆ ಕಣ್ಣು ಕಿರಿದು ಮಾಡಿದ. "ಇವತ್ತ್ ಅಮಾಸಿ ಅಲ್ದಾ, ಹನ್ನೊಂದ್ ಗಂಟಿಗೆ ನೀರ್ ತುಂಬತ್ತ್." ಅವಳತ್ತ ತಿರುಗಿ ನಗಲು ನೋಡಿದ. "ಅಣ್ಣ ನಿಮ್ ಬಾಟ್ಲಿ ತುಂಬ್ಸುಕ್ ಹೋಪು ಹೊತ್ತೇ. ಇವತ್ತೂ ಅದೇ ಹೊತ್ತಿಗ್ ಹೊರ್ಟ ಕಾಣಿ."

"ಹನ್ನೊಂದಕ್ಕಾ?" ಎಂದಳು ಶರ್ಮಿಳಾ. "ಬೆಳಿಗ್ಗೆ ನೀರು ಇಳಿದಾಗ ಅಲ್ದಾ?"

"ಇಳ್ದಾಗ ಎಂತ ಇರತ್ತ್ ಮೇಡಮ್ರೆ, ಬರೀ ಕೊಳ್ಕ್! ಫ್ಯಾಕ್ಟ್ರಿದ್ ಎಣ್ಣಿ ಮೇಲೆ ತೇಲ್ತಿರತ್ತ್. ಅದನ್ನ್ ನಿಮ್ಗೆ ಕೊಡುಕ್ ಆತ್ತಾ? ಹೊಳಿ ಮರ್ಯಾದಿ ಹೋತ್ತ್ ಅಂತಿದ್ದ. ಏರ್ ನೀರ್ ತುಂಬ್ಸಿ, ಬಾಟ್ಲಿ ಬಿಸ್ಲಿಗೆ ಹಿಡ್ದ್, ಕಸ ಇದ್ರೆ ಚೆಲ್ಲಿ ಮತ್ತೆ ತುಂಬ್ಸ್ತಿದ್ದ."

*

ಮೊದಲ ವರ್ಷ ಅವಳೂ ದೋಣಿಯಲ್ಲಿ ಹೋಗುತ್ತಿದ್ದಳು. ನೀರು ಪೂರಾ ಇಳಿದಾಗಲೇ ತುಂಬಿಸಬೇಕು, ಆಗ ಹೊಳೆ ತನ್ನಲ್ಲಿರುವುದನ್ನು ಮುಚ್ಚಿಡುವುದಿಲ್ಲ ಎಂದು ವಿವರಿಸಿದ್ದಳು. ಸೂರ ಹುಟ್ಟು ಹಾಕುತ್ತ, ಹೆಣ್ಣು ನೋಡಲು ಬಂದವರೆದುರು ಮನೆಯ ಗುಟ್ಟು ಬಯಲಾದವನಂತೆ ತಲೆತಗ್ಗಿಸಿ ಕೇಳಿದ್ದ.

ಆಮೇಲೆ ಕಾಲೇಜಿನ ಕೆಲಸ ಹೆಚ್ಚಿತು. ಅವಳು ಚೀಟಿಗಳನ್ನು ಕಳಿಸಿದಳು, 'ಇಳಿತ, ಬೆಳಿಗ್ಗೆ ಆರು' ಎಂದು ಅಚ್ಚು ಹಾಕಿಸಿಯೇ. ಅವನು ಬಾಟಲಿಗಳಿಗೆ ಅಂಟಿಸಿ ತಂದ. ಬಂದಾಗಲೆಲ್ಲ ಪ್ರಯೋಗಶಾಲೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೇಳುತ್ತಿದ್ದ:

"ಹೋದ್ಸಲದ್ದ್ ಎಂತಾಯ್ತ್ ಮೇಡಮ್ರೆ? ನಮ್ ಹೊಳಿ ಪಾಸಾ?"

"ಪಾಸ್ ಸೂರಣ್ಣ."

"ಫಸ್ಟ್ ಕ್ಲಾಸಾ?"

ಅವಳು ನಗುತ್ತಿದ್ದಳು. ಅವನ ಮುಖ ಮಗಳ ಫಲಿತಾಂಶ ಕೇಳಿದವನಂತೆ ಅರಳುತ್ತಿತ್ತು.

ನೀರಿನಲ್ಲಿ ಉಪ್ಪು ಹೆಚ್ಚಿದ್ದು ಅವಳ ಕಣ್ಣಿಗೆ ಬೀಳದಿರಲಿಲ್ಲ. ಕಡಲು ಹೊಳೆಯೊಳಗೆ ನುಗ್ಗುತ್ತಿದೆ ಎಂದು ಅದಕ್ಕೂ ಒಂದು ಕಾರಣ ಹುಡುಕಿ ಲೇಖನ ಬರೆದಿದ್ದಳು. ಅದಕ್ಕೆ ಬಹುಮಾನವೂ ಬಂದಿತ್ತು. ಚಿಪ್ಪಿಗಳು ಮಾತ್ರ ವರ್ಷದಿಂದ ವರ್ಷಕ್ಕೆ ಸಾಯುತ್ತಲೇ ಇದ್ದವು, ಒಳ್ಳೆಯ ನೀರಿನಲ್ಲಿ.

*

ಹನ್ನೊಂದಕ್ಕೆ ದೋಣಿ ಅಲುಗಾಡಿತು. ಕಡಲ ನೀರು ಹೊಳೆಯೊಳಗೆ ಸದ್ದಿಲ್ಲದೆ ಏರಿ ಕೆಸರನ್ನು, ಎಣ್ಣೆಯ ಬಣ್ಣವನ್ನು, ವಾಸನೆಯನ್ನು ಮುಚ್ಚಿಬಿಟ್ಟಿತ್ತು. ಗಂಡಸರು ಸೂರನನ್ನು ದೋಣಿಯಲ್ಲಿ ಮಲಗಿಸಿದರು. ಹೆಂಗಸರು ದಂಡೆಯಲ್ಲೇ ಉಳಿದರು.

ಶರ್ಮಿಳಾ ಮನಸ್ಸಿನಲ್ಲೇ ಸೋಮವಾರದ ಸಭೆಯ ಮೇಜನ್ನು ಕಂಡಳು. ಮೇಲಿನ ದಂಡೆಯ ಮೀನಿನ ಹಿಟ್ಟಿನ ಕಾರ್ಖಾನೆ ಇನ್ನಷ್ಟು ದೊಡ್ಡದಾಗಲು ಅನುಮತಿ ಕೇಳಿದೆ. ಹೊಳೆಗೆ ಏನೂ ಆಗಿಲ್ಲ ಎನ್ನಲು ಅವರು ತೋರಿಸುವುದು ಅವಳದೇ ವರದಿ. ಈಗ ಅದು ಸುಳ್ಳೆಂದು ಅವಳೇ ಎದ್ದು ನಿಂತು ಹೇಳಬೇಕು. ಒಂಬತ್ತು ವರ್ಷ, ಬಹುಮಾನ, ಹೆಸರು, ಎಲ್ಲ ಹೋಗುತ್ತದೆ. ಸೂರನ ಹೆಸರೂ. ಹೇಳದಿದ್ದರೆ? ತನ್ನ ಮಾತಿನ ಅರ್ಥ ದುಗ್ಗಪ್ಪನಿಗೇ ತಿಳಿದಿಲ್ಲ. ತಿಳಿದಿದ್ದ ಒಬ್ಬ ದೋಣಿಯಲ್ಲಿ ಮಲಗಿ ಹೋಗುತ್ತಿದ್ದಾನೆ.

"ಮೇಡಮ್ರೆ."

ಸೂರನ ಹೆಂಡತಿ ಗುಲಾಬಿ. ಅಳು ಮುಗಿದ ಮುಖ. ಎರಡೂ ಕೈಯಲ್ಲಿ ಐಸ್ ಡಬ್ಬಿ. ಮುಚ್ಚಳ ತೆಗೆದು ಒಂದು ಬಾಟಲಿಯನ್ನು ಸೆರಗಿನಲ್ಲಿ ಒರೆಸಿ ಮುಂದೆ ಹಿಡಿದಳು.

"ನಿನ್ನೆ ತುಂಬ್ಸಿಟ್ಟದ್ದ್. ನಾಕೂ ಇತ್ತ್. ನಾಳಿ ಬಸ್ಸಿಗೆ ಕೊಂಡೋತೆ ಅಂದಿದ್ರ್." ಬಾಟಲಿಯನ್ನು ಬಿಸಿಲಿಗೆ ಎತ್ತಿದಳು. "ಕಾಣಿ, ಎಷ್ಟ್ ಚಂದ ನೀರ್. ಈ ಸಲವೂ ಪಾಸಾತ್ತಲ್ದಾ?"

ಬಿಸಿಲು ಬಾಟಲಿಯನ್ನು ಹಾದು ಗುಲಾಬಿಯ ಬೆರಳುಗಳ ಮೇಲೆ ನಡುಗುತ್ತಿತ್ತು. ಚೀಟಿಯ ಮೇಲೆ 'ಇಳಿತ, ಬೆಳಿಗ್ಗೆ ಆರು'. ಅದರ ಕೆಳಗೆ ಸೂರ ಕಷ್ಟಪಟ್ಟು ಬರೆದ ಒಂದೇ ಅಕ್ಷರ, ಸೂ. ಚಿಪ್ಪಿಯ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದ ಬಾಗಿ ಇವರತ್ತಲೇ ನೋಡುತ್ತಿದ್ದಳು.

"ಬ್ಯಾಡ ಗುಲಾಬಕ್ಕ," ಎಂದಳು ಶರ್ಮಿಳಾ.

"ಸೂತ್ಕ ಅಂತಾ? ಮುಚ್ಳ ಗಟ್ಟಿ ಹಾಕಿತ್ತ್ ಮೇಡಮ್ರೆ. ಸಾವಿಗಿಂತ ಮುಂಚಿಂದೇ ನೀರ್. ತಕಣಿ."

ಬಾಟಲಿ ಇನ್ನಷ್ಟು ಹತ್ತಿರ ಬಂತು.

"ಬ್ಯಾಡ. ಇನ್ನು ಇಳಿದ ನೀರನ್ನೇ ನೋಡ್ಬೇಕು."