ಕೇಳಿದ ಮೇಲೆ ಸುಮ್ಮನಿರುವುದು

೧

ಹೇಗೆ ಆರಂಭಿಸಬೇಕು? ಮೂವತ್ತೊಂದು ವರ್ಷ ನಾವು ಬೆಂಬಲಿಗರಿಗೆ ಕಳಿಸಿದ ಪತ್ರಗಳೆಲ್ಲ "ಕರ್ತನಲ್ಲಿ ಪ್ರಿಯರೇ" ಎಂದೇ ಆರಂಭವಾಗುತ್ತಿದ್ದವು. ಕಥೆಯನ್ನೂ ಹಾಗೇ ಆರಂಭಿಸಿದರೆ ಓದುಗರು ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಗಾಬರಿ ಬೇಡ, ಇದು ಪತ್ರವಲ್ಲ. (ಪತ್ರ ಬರೆಯಲೆಂದೇ ಕುಳಿತದ್ದು ನಿಜ. ಮೂರನೆಯ ಸಾಲಿಗೆ ಅದು ಕಥೆಯಾಗಿಬಿಟ್ಟಿತು. ತಪ್ಪು ಪತ್ರದ್ದು.)

ಮೊದಲನೆಯ ಕರಡು: "ಒಬ್ಬ ಮುದುಕನಿದ್ದ. ಅವನ ಹೆಂಡತಿ ಸತ್ತು ಎಂಟು ತಿಂಗಳಾಗಿತ್ತು." ಹರಿದು ಹಾಕಿದೆ. ಎರಡೂ ವಾಕ್ಯ ನಿಜವೇ. ಆದರೆ ಕನಿಕರದಿಂದ ಕೊಟ್ಟವರು ಎರಡು ತಿಂಗಳು ಕೊಡುತ್ತಾರೆ, ಕೆಲಸ ನಂಬಿ ಕೊಟ್ಟವರು ಇಪ್ಪತ್ತು ವರ್ಷ ಕೊಡುತ್ತಾರೆ. ಇದು ಅನುಭವದ ಮಾತು.

ಎರಡನೆಯ ಕರಡು ಕೆಲಸದಿಂದ ಶುರು. ನಾನು ಆಸ್ಪತ್ರೆಯಲ್ಲಿ ರೋಗಿಗಳ ಪಕ್ಕ ಕೂರುವವನು. ಹಾಸಿಗೆಯ ಮೇಲೆ ಕೂರಬಾರದೆಂದು ಹೆಡ್ ನರ್ಸ್ ಆಜ್ಞೆ. ಅದಕ್ಕೆ ಮಡಚುವ ಸ್ಟೂಲೊಂದನ್ನು ಮನೆಯಿಂದಲೇ ಒಯ್ಯುತ್ತೇನೆ. ವಾರ್ಡಿನಲ್ಲಿ ನನಗೆ "ಸ್ಟೂಲ್ ಅಯ್ಯನವರು" ಎಂದೇ ಹೆಸರು. ಕೇಳಿದವರಿಗೆ ಪ್ರಾರ್ಥನೆ, ಕೇಳದವರಿಗೆ ಜೊತೆ. ಏಳನೆಯ ಹಾಸಿಗೆಯಲ್ಲಿ ಒಬ್ಬ ಲಾರಿ ಡ್ರೈವರ್ ಇದ್ದಾನೆ. ಪ್ರಾರ್ಥನೆ ಬೇಡ ಎಂದು ಮೊದಲ ದಿನವೇ ಹೇಳಿದ. ಉಗುರು ಕತ್ತರಿಸಿಕೊಟ್ಟೆ. ಈಗ ದಿನವೂ ಕೇಳುತ್ತಾನೆ: "ನಾಳೆ ಸ್ಟೂಲ್ ಬಿಚ್ತೀರೋ, ನಿಂತ್ಕೊಂಡೇ ಹೋಗ್ತೀರೋ?" ನಾನು ಹೋಗದಿದ್ದರೆ ಅವನ ಬಳಿ ಇನ್ಯಾರೂ ಹೋಗುವುದಿಲ್ಲ. ಇದು ಹೆಮ್ಮೆಯಲ್ಲ, ವಾರ್ಡಿನ ವಿಸಿಟರ್ ಪುಸ್ತಕ ನೋಡಿ ಹೇಳುತ್ತಿದ್ದೇನೆ.

ನಮ್ಮ ಮಿಷನ್ ಸಂಬಳ ಕೊಡುವುದಿಲ್ಲ. ತಿಂಗಳಿಗಿಷ್ಟು ಎಂದು ಕೊಟ್ಟು ನಮ್ಮನ್ನು ಸಾಕುವ ಜನರನ್ನು ನಾವೇ ಹುಡುಕಿಕೊಳ್ಳಬೇಕು. ಅವರ ಎದುರು ಕೂತು, ಮುಖ ನೋಡಿ, ಕೇಳಬೇಕು.

ಎರಡನೆಯ ಕರಡು ಇಲ್ಲಿಯವರೆಗೆ ಚೆನ್ನಾಗಿತ್ತು. "ಕೇಳಬೇಕು" ಎಂಬ ಮಾತಿಗೆ ಬಂದು ಕೆಸರಿಗಿಳಿದ ಎತ್ತಿನ ಗಾಡಿಯ ಹಾಗೆ ಹೂತುಹೋಯಿತು.

೨

ಮಿಷನ್ ಕಚೇರಿಯ ಮೇಡಂ ಒಂದು ಕಾಲಕ್ಕೆ ನನ್ನ ಭಾನುವಾರದ ತರಗತಿಯಲ್ಲಿ ಪೆನ್ಸಿಲ್ ಅಗಿಯುತ್ತಿದ್ದ ಹುಡುಗಿ. ಈಗ ಫೈಲು ನೋಡುತ್ತಾಳೆ.

"ಅಂಕಲ್, ನಿಮ್ಮ ಸಪೋರ್ಟ್ ತಿಂಗಳ ಗುರಿಯ ಮುಕ್ಕಾಲು ಭಾಗಕ್ಕಿಂತ ಕೆಳಗೆ ಇಳಿದು ಆರು ತಿಂಗಳಾಯ್ತು. ಶುಕ್ರವಾರದೊಳಗೆ ಏರದಿದ್ರೆ ವಾರ್ಡ್ ಬಿಡಿಸಬೇಕು. ನಿಯಮ ನನ್ನದಲ್ಲ."

"ಪೆನ್ಸಿಲ್ ಅಗೀಬಾರದು ಅನ್ನೋ ನಿಯಮವೂ ನನ್ನದಾಗಿರಲಿಲ್ಲಮ್ಮ."

ಅವಳು ನಕ್ಕಳು, ಆದರೆ ಫೈಲು ಮುಚ್ಚಲಿಲ್ಲ. "ಇನ್ನೊಂದು. ಬೆಂಬಲಿಗರು ಪ್ರಾರ್ಥನೆಗೆ ನೆನಪಿರಲಿ ಅಂತ ಅಂಟಿಸಿಕೊಳ್ಳೋ ಕಾರ್ಡಿಗೆ ಹೊಸ ಫೋಟೋ ಬೇಕು. ನಿಮ್ಮೊಬ್ಬರದ್ದೇ."

(ಈ ಭಾಗಕ್ಕೆ ನಾನು ಒಂದು ಉತ್ತರ ಬರೆದಿದ್ದೆ, ಬಹಳ ಮನಮುಟ್ಟುವಂಥದ್ದು. ಆ ದಿನ ನಾನು ಕೊಟ್ಟ ನಿಜವಾದ ಉತ್ತರ: "ಸರಿ." ಹಾಗಾಗಿ ಅದನ್ನೇ ಇಟ್ಟುಕೊಳ್ಳುತ್ತೇನೆ.)

೩

ಈಗ ನನ್ನ ಹೆಂಡತಿ ಬರುತ್ತಾಳೆ. ಒಂದು ಷರತ್ತು: ಬದುಕಿದ್ದಾಗ ಅವಳು ಆಡಿದ ಮಾತುಗಳನ್ನು ಮಾತ್ರ ಇಲ್ಲಿ ಆಡಿಸುತ್ತೇನೆ. ಸತ್ತವರ ಬಾಯಿಗೆ ಮಾತು ತುರುಕುವುದು ಸುಳ್ಳುಸಾಕ್ಷಿ. ಸುಳ್ಳುಸಾಕ್ಷಿ ಹೇಳಬಾರದೆಂಬ ಬೈಬಲಿನ ಆಜ್ಞೆಯಲ್ಲಿ ಕಥೆಗಾರರಿಗೆ ರಿಯಾಯಿತಿ ಇದೆಯೆಂದು ಎಲ್ಲೂ ಓದಿದ ನೆನಪಿಲ್ಲ.

ಸೇವೆಗೆ ಸೇರಿದ ವರ್ಷ ನಮಗೆ ನೆರವು ಕೇಳುವುದನ್ನು ಕಲಿಸಿದರು. ಇಬ್ಬಿಬ್ಬರು ಎದುರುಬದುರು ಕೂತು ಅಭ್ಯಾಸ. ತರಬೇತಿ ಕೊಟ್ಟವರು ಹೇಳಿದ್ದು ಇಷ್ಟೇ: "ಕೇಳಿ. ಆಮೇಲೆ ಬಾಯಿ ಮುಚ್ಚಿ. ಉತ್ತರ ಬರೋ ತನಕ ಉಸಿರಾಡಿದ್ರೆ ಸಾಕು." ನಾನು ಕೇಳಿದೆ. ನಾಲ್ಕು ಸೆಕೆಂಡ್ ಸುಮ್ಮನಿದ್ದೆ. ಐದನೆಯ ಸೆಕೆಂಡಿಗೆ, "ಆಗದಿದ್ರೂ ಪರವಾಗಿಲ್ಲ" ಅಂದುಬಿಟ್ಟೆ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ನನ್ನ ಹತ್ತಿರ ಇದ್ದದ್ದು ಬರೀ ಬೆಳ್ಳಿ.

ಅಂದಿನಿಂದ ಕೆಲಸ ಹಂಚಿಕೊಂಡೆವು. ವಾರ್ಡಿನ ಕಥೆ ನಾನು ಹೇಳುವುದು. ಕೊನೆಗೆ ಅವಳು ಕಪ್ಪನ್ನು ಸಾಸರಿನ ಮೇಲಿಟ್ಟು, "ತಿಂಗಳು ತಿಂಗಳು ನಮ್ಮ ಜೊತೆ ನಿಲ್ತೀರಾ?" ಅನ್ನುವುದು. ಆಮೇಲೆ ಮೌನ. ಆ ಮೌನದಲ್ಲಿ ನಾನು ಎಷ್ಟು ಮನೆಗಳ ಗೋಡೆ ಗಡಿಯಾರ ನೋಡಿದ್ದೇನೋ. ಒಮ್ಮೆ ತಡೆಯಲಾರದೆ ಬಾಯಿ ತೆರೆದೆ. ಮೇಜಿನ ಕೆಳಗೆ ನನ್ನ ಪಾದ ತುಳಿದಳು. ದಾರಿಯಲ್ಲಿ ಕುಂಟುತ್ತಾ ಜಗಳ ತೆಗೆದೆ.

"ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ? ಇಷ್ಟು ಒತ್ತಾಯ ಯಾಕೆ?"

"ಹುಲ್ಲು ಮೇಯಿಸಲ್ಲ, ನಿಜ. ಅದಕ್ಕೇ ಕೇಳೋಕೆ ಬಾಯಿ ಕೊಟ್ಟಿದ್ದಾನೆ. ನಾನೆಲ್ಲಿ ರೀ ಒತ್ತಾಯ ಮಾಡ್ದೆ? ಸುಮ್ಮನೆ ಕೂತಿದ್ದೆ. ಅವರು ಒಳಗೊಳಗೆ ದೇವರ ಹತ್ತಿರ ಮಾತಾಡ್ತಾ ಇದ್ರು. ಮಧ್ಯ ನೀವ್ಯಾಕೆ?"

೪

ಕನ್ನಡಕದ ಅಂಗಡಿಯವರು ಇಪ್ಪತ್ತು ವರ್ಷ ತಪ್ಪದೆ ಕೊಟ್ಟವರು. ಅವಳು ಹೋದ ಮೇಲೆ ನಿಲ್ಲಿಸಿದರು. ಅವರೊಬ್ಬರು ಮರಳಿದರೆ ನಾನು ಮುಕ್ಕಾಲಿನ ಗೆರೆ ದಾಟುತ್ತೇನೆ.

ಮೂರನೆಯ ಕರಡಿನಲ್ಲಿ ಅವರನ್ನು ಜಿಪುಣನನ್ನಾಗಿ ಮಾಡಿದ್ದೆ. ಎರಡು ಬೆರಳಿನಲ್ಲಿ ನಾಣ್ಯ ತಿರುಗಿಸುವ ಅಭ್ಯಾಸವನ್ನೂ ಅಂಟಿಸಿದ್ದೆ. ಪುಟದ ಅರ್ಧಕ್ಕೆ ಆ ಪಾತ್ರ ಎದ್ದು ನಿಂತಿತು.

"ಅಯ್ಯನವರೇ, ಈ ನಾಣ್ಯ ಎಲ್ಲಿಂದ ತಂದ್ರಿ? ನನ್ನ ಕೈಯಲ್ಲಿ ಯಾವಾಗ್ಲೂ ಸ್ಕ್ರೂಡ್ರೈವರ್ ಇರುತ್ತೆ."

"ಕಥೆಗೆ ಒಬ್ಬ ಕೆಟ್ಟವನು ಬೇಕಲ್ಲ."

"ಬೇಕಾದ್ರೆ ನೀವೇ ಆಗಿ. ಹತ್ತಿರದಲ್ಲೇ ಇದೀರಿ."

ನಾಣ್ಯ ಕಿತ್ತುಹಾಕಿದೆ. ಉಳಿದದ್ದು ನಡೆದ ಸಂಗತಿ. ಈ ಎಂಟು ತಿಂಗಳಲ್ಲಿ ಮೂರು ಸಲ ಆ ಅಂಗಡಿಗೆ ಕೇಳಲೆಂದೇ ಹೋದೆ. ಮೊದಲ ಸಲ ಕನ್ನಡಕದ ಸ್ಕ್ರೂ ಬಿಗಿ ಮಾಡಿಸಿಕೊಂಡು ಬಂದೆ. ಎರಡನೆಯ ಸಲ ಕಣ್ಣು ಪರೀಕ್ಷೆ ಮಾಡಿಸಿಕೊಂಡೆ. ಮೂರನೆಯ ಸಲ ಹೊಸ ಕನ್ನಡಕಕ್ಕೆ ಆರ್ಡರ್ ಕೊಟ್ಟೆ. ನೆರವು ಕೇಳಲು ಹೋದವನು ಗಿರಾಕಿಯಾಗಿ ಮರಳಿದೆ. ನನ್ನ ಹೆಂಡತಿ ಇದಕ್ಕೆ ಏನೆನ್ನುತ್ತಿದ್ದಳೋ ಬರೆಯಲಾರೆ, ಷರತ್ತು ಇದೆ. ಅವಳು ನಗುತ್ತಿದ್ದಳು ಎಂದು ಬರೆಯಬಹುದೆಂದು ಕಾಣುತ್ತದೆ. ನಗು ಮಾತಲ್ಲ.

೫

ಇಂದು ಗುರುವಾರ. ಬೆಳಿಗ್ಗೆ ಕನ್ನಡಕ ತರಲು ಹೋದೆ. ಅವರು ಅದನ್ನು ನನ್ನ ಮೂಗಿನ ಮೇಲಿಟ್ಟು, ಕಿವಿಯ ಹಿಂದೆ ಬೆರಳಾಡಿಸಿ ನೋಡಿದರು. ಅಂಗಡಿ ಸ್ಪಷ್ಟವಾಯಿತು. ಲೆನ್ಸಿನ ಬೀರುವಿನ ಬಾಗಿಲ ಒಳಗೆ ನಮ್ಮ ಕಾರ್ಡು ಇನ್ನೂ ಅಂಟಿಕೊಂಡಿತ್ತು, ಇಬ್ಬರ ಫೋಟೋ. ನನ್ನ ಬಾಯಿ ತೆರೆದಿದೆ. ಫೋಟೋದವನಿಗೆ ಏನೋ ವಿವರಿಸುತ್ತಿದ್ದೆ. ಅವಳದು ಮುಚ್ಚಿದೆ.

"ಅಯ್ಯನವರೇ," ಎಂದರು ಅವರು, ಸ್ಕ್ರೂಡ್ರೈವರ್ ಕೆಳಗಿಡದೆ, "ಒಂದು ಮಾತು. ಅಮ್ಮ ಪ್ರತಿ ವರ್ಷ ಬಂದು ಮುಂದಿನ ವರ್ಷಕ್ಕೆ ಕೇಳೋರು. ಈ ವರ್ಷ ಕೇಳೋರೇ ಇಲ್ಲ. ನೀವು ಮೂರು ಸಲ ಬಂದ್ರಿ. ಮೂರು ಸಲವೂ 'ಹೇಗಿದೀರಿ' ಅಂದೆ. ನೀವೇನಂದ್ರಿ?"

"ದೇವರ ದಯೆ, ಏನೂ ಕೊರತೆ ಇಲ್ಲ ಅಂದೆ."

"ಅಯ್ಯನವರು ಸುಳ್ಳು ಹೇಳ್ತಾರಾ ಅಂದ್ಕೊಂಡೆ. ಕೊರತೆ ಇದ್ದೋರಿಗೆ ಕಳಿಸೋಣ ಅಂತ ಬೇರೆ ಕಡೆ ಕಳಿಸ್ತಾ ಇದೀನಿ."

ಮೂರು ಸಲ. ಗುರುವನ್ನು ಅರಿಯೆನೆಂದು ಮೂರು ಸಲ ಹೇಳಿದ ಬೈಬಲಿನ ಶಿಷ್ಯನಿಗೆ ಕೂಗಿದ ಹಾಗೆ ನನಗೆ ಕೋಳಿ ಕೂಗಲಿಲ್ಲ, ಅಷ್ಟೇ. ಕಥೆಗಾರರಿಗೆ ರಿಯಾಯಿತಿ ಇಲ್ಲ ಎಂದು ಮೇಲೆ ದೊಡ್ಡದಾಗಿ ಬರೆದವನು ನಾನು. ನನ್ನ ಸುಳ್ಳು ಕಥೆಯಲ್ಲಿರಲಿಲ್ಲ, ಭಕ್ತಿಯಲ್ಲಿತ್ತು.

ಕೈಯಲ್ಲಿದ್ದ ಸ್ಟೂಲು ಬಿಚ್ಚಿ ಅವರ ಎದುರು ಕೂತೆ. "ಕೊರತೆ ಇದೆ," ಎಂದೆ. "ನಾಳೆ ಗೆರೆ ದಾಟದಿದ್ರೆ ವಾರ್ಡು ಹೋಗುತ್ತೆ. ನೀವು ತಿಂಗಳು ತಿಂಗಳು ನನ್ನ ಜೊತೆ ನಿಲ್ತೀರಾ?"

ಆಮೇಲೆ ಸುಮ್ಮನಾದೆ.

ಅವರು ನನ್ನ ಹಳೆಯ ಕನ್ನಡಕ ತೆಗೆದುಕೊಂಡು ಒರೆಸತೊಡಗಿದರು. ಒಂದು ಗಾಜು. ಇನ್ನೊಂದು ಗಾಜು. "ಆಗದಿದ್ರೂ" ಎಂಬ ಮಾತು ನನ್ನ ಹಲ್ಲಿನ ತನಕ ಬಂತು. ನನ್ನ ಎಡಗಾಲಿನಿಂದ ನನ್ನದೇ ಬಲಗಾಲನ್ನು ತುಳಿದೆ, ಸ್ವಲ್ಪ ಜೋರಾಗಿಯೇ.

"ಪ್ರಾರ್ಥನೆ ಮಾಡಿ ಹೇಳ್ತೀನಿ," ಎಂದರು ಅವರು. "ನಾಳೆ ಬೆಳಿಗ್ಗೆ."

"ಸರಿ," ಎಂದೆ. ಎದ್ದು ಬಂದೆ. ಮಾತಿಗೆ ಮಾತು ಸೇರಿಸಲಿಲ್ಲ.

೬

ನಿಮಗೆ ಮುಕ್ತಾಯ ಬೇಕು. ಎರಡಿವೆ. ಒಂದರಲ್ಲಿ ಅವರು ಹೂಂ ಅನ್ನುತ್ತಾರೆ, ನಾನು ಏಳನೆಯ ಹಾಸಿಗೆಯ ಪಕ್ಕ ಸ್ಟೂಲು ಬಿಚ್ಚುತ್ತೇನೆ. ಇನ್ನೊಂದರಲ್ಲಿ ಬೇಡ ಅನ್ನುತ್ತಾರೆ, ನಾನು ಸಂಜೆಯ ವಿಸಿಟರ್ ವೇಳೆಯಲ್ಲಿ ಎಲ್ಲರ ಹಾಗೆ ಸಾಲಿನಲ್ಲಿ ನಿಂತು, ಪುಸ್ತಕದಲ್ಲಿ ಸಹಿ ಮಾಡಿ, ಅದೇ ಹಾಸಿಗೆಗೆ ಹೋಗುತ್ತೇನೆ. ಎರಡನ್ನೂ ಬರೆದು ನೋಡಿದೆ. ಎರಡರಲ್ಲೂ ಅವರ ಬಾಯಿಗೆ ಮಾತು ಹಾಕುತ್ತಿರುವವನು ನಾನೇ. ಎರಡನ್ನೂ ಹರಿದೆ.

ಆಗ ಹೊಳೆಯಿತು: ಬೆಳಿಗ್ಗೆಯಿಂದ ಈ ಕಥೆ ಬರೆಯುತ್ತಿರುವುದೂ ಆ ಐದನೆಯ ಸೆಕೆಂಡೇ. ಅಂಗಡಿಯಲ್ಲಿ ಮುಚ್ಚಿದ ಬಾಯನ್ನು ಮನೆಗೆ ಬಂದು ಕಾಗದದ ಮೇಲೆ ತೆರೆದಿದ್ದೇನೆ.

ಸ್ಟೂಲನ್ನು ಒರೆಸಿ ಬಾಗಿಲ ಪಕ್ಕ ಇಟ್ಟಿದ್ದೇನೆ. ನಾಳೆ ಯಾವ ಉತ್ತರ ಬಂದರೂ ಅದು ಬೇಕಾಗುತ್ತದೆ. ಅಲ್ಲೊಬ್ಬರು ದೇವರ ಹತ್ತಿರ ಮಾತಾಡುತ್ತಿದ್ದಾರೆ, ಮಧ್ಯ ನಾನ್ಯಾಕೆ?

ಏನು, "ಆಮೇಲೇನಾಯ್ತು?" ಅಂದಿರಾ?

ಕೇಳಿದಿರಲ್ಲ. ಇನ್ನು ಸುಮ್ಮನಿರಿ.