ಜೀರುಂಡೆ ಪಂಡಿತರಿಗೆ ಊಟ

ಸಿದ್ದಲಿಂಗಯ್ಯನವರಿಗೆ ಸೋಲೊಪ್ಪುವ ಅಭ್ಯಾಸವಿರಲಿಲ್ಲ. ಮದುವೆಯಾಗಿ ನಲವತ್ತು ವರ್ಷವಾದರೂ "ವಾಸಂತಿ, ನೀನು ಹೇಳಿದ್ದೇ ಸರಿ" ಎಂಬ ಮಾತು ಆ ಬಾಯಿಂದ ಬಿದ್ದದ್ದಿಲ್ಲ. ಸಾಯುವುದರೊಳಗೆ ಅದನ್ನೊಮ್ಮೆ ಕೇಳಿಯೇ ತೀರಬೇಕೆಂಬುದು ವಾಸಂತಿಯ ಹಠ. ಆಸ್ಪತ್ರೆಯ ಲ್ಯಾಬಿನಲ್ಲಿ ಮೈಕ್ರೋಸ್ಕೋಪು ನೋಡಿ ನೋಡಿಯೇ ರಿಟೈರಾದವಳು ಅವಳು. ಗಂಡ ಕೆನಡಾದ ಓಕ್‌ವಿಲ್ಲಿನ ಕಾರು ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದವರು.

ಆ ವರ್ಷ, ಅಂದರೆ ಎರಡು ಸಾವಿರದ ಹನ್ನೆರಡರ ಬೇಸಿಗೆಯಲ್ಲಿ, ಅವರಿಗೆ ಜೀರುಂಡೆಯ ಹುಚ್ಚು ಹಿಡಿಯಿತು. ಮೇಪಲ್ ಮರದ ಬುಡದಲ್ಲಿ ಕ್ಯಾಮೆರಾ ಹಿಡಿದು ನಿಲ್ಲುವುದು, ಫೋಟೋವನ್ನು ಇಂಟರ್ನೆಟ್ಟಿನ ಕೀಟಪ್ರಿಯರ ಫೋರಮ್ಮಿಗೆ ಹಾಕುವುದು, ಕೆಳಗೆ ಜಾತಿಯ ಹೆಸರು ಬರೆದು ಮೀಸೆ ತಿರುವುವುದು. ಇಲ್ಲಿಯ ಕ್ಯಾನಿಕ್ಯುಲಾರಿಸ್ ಮತ್ತು ಲಿನ್ನೆಯಿ ಎಂಬೆರಡು ಜಾತಿಗಳು ನೋಡಲು ಅವಳಿ ಮಕ್ಕಳ ಹಾಗೆ. ಹಸಿರು ಜಾಸ್ತಿ ಕಂಡರೆ ಲಿನ್ನೆಯಿ ಎನ್ನುವುದು ಇವರ ಸೂತ್ರ.

"ಬಣ್ಣ ನಂಬಬೇಡಿ ರೀ," ಎಂದಳು ವಾಸಂತಿ, ಹೆಗಲ ಮೇಲಿಂದ ಇಣುಕಿ. "ರೆಕ್ಕೆ ಅಂಚು ನೋಡಿ. ಲಿನ್ನೆಯಿ ಆಗಿದ್ರೆ ಅಲ್ಲಿ ಬಾಗಿರುತ್ತೆ. ಇದರಲ್ಲಿ ಬಾಗೇ ಇಲ್ಲ."

"ನಿಂಗೇನೇ ಗೊತ್ತಾಗುತ್ತೆ? ಹೋಗಿ ಕಾಫಿ ತಗೊಂಬಾ."

ಕಾಫಿ ಕೊಟ್ಟಳು. ಆಮೇಲೆ ಬೇಸ್‌ಮೆಂಟಿಗಿಳಿದು, ಹಳೇ ಲ್ಯಾಪ್‌ಟಾಪು ತೆರೆದು, 'ಲೇಕ್‌ಶೋರ್' ಎಂಬ ಹೆಸರಿನಲ್ಲಿ ಅದೇ ಫೋರಮ್ಮಿಗೆ ಸೇರಿ ಅದೇ ಮಾತನ್ನು ಇಂಗ್ಲಿಷಿನಲ್ಲಿ ಬರೆದಳು. ಸ್ವಲ್ಪ ಹೊತ್ತಿಗೆಲ್ಲ ಮಹಡಿಯ ಮೇಲಿಂದ ಫೋರಮ್ಮಿನಲ್ಲಿ ಗಂಡನ ಉತ್ತರ ಬಂತು: "ನೀವು ಹೇಳಿದ್ದೇ ಸರಿ, ಸರ್."

ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ! ವಾಸಂತಿಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು. ಆಗಸ್ಟಿಡೀ ಅವಳು ತಿದ್ದಿದ್ದೇ ತಿದ್ದಿದ್ದು, ಅವರು ಸರ್ ಸರ್ ಎಂದಿದ್ದೇ ಎಂದಿದ್ದು.

"ಏನ್ ಕಣ್ಣು ಅಂತೀಯ ಆ ಮನುಷ್ಯಂದು! ಪ್ರೊಫೆಸರೇ ಇರ್ಬೇಕು. ಅವರೂ ಓಕ್‌ವಿಲ್ಲೇ ಅಂತೆ. ಸಂಡೇ ಊಟಕ್ಕೆ ಕರ್ದಿದೀನಿ, ಒಬ್ಬಟ್ಟು ಮಾಡು," ಎಂದರು ಒಂದು ದಿನ.

ವಾಸಂತಿ ಬೇಸ್‌ಮೆಂಟಿಗಿಳಿದು, ಸಂತೋಷದಿಂದ ಬರುತ್ತೇನೆ ಎಂದು ಬರೆದಳು.

ಭಾನುವಾರ ಸಿದ್ದಲಿಂಗಯ್ಯನವರು ಇಸ್ತ್ರಿ ಅಂಗಿ ತೊಟ್ಟು, ಅತಿಥಿಯ ತಟ್ಟೆಯ ಪಕ್ಕ ಲಿನ್ನೆಯಿ ಎಂದು ಬರೆದ ಹೊಸ ಫೋಟೋ ಇಟ್ಟು ಕಾದರು. ಕರೆಗಂಟೆ ಸದ್ದು ಮಾಡಿತು. ಓಡಿಹೋಗಿ ಬಾಗಿಲು ತೆಗೆದರೆ ರೇಷ್ಮೆ ಸೀರೆಯುಟ್ಟ ವಾಸಂತಿ. ಗರಾಜಿನಿಂದ ಸುತ್ತಿ ಬಂದಿದ್ದಳು.

"ಅಯ್ಯೋ, ಇದೇನೇ? ಅವರು ಬರೋ ಹೊತ್ತಾಯ್ತು!"

ಅವಳು ಸೀದಾ ಬಂದು ಅತಿಥಿಯ ಕುರ್ಚಿಯಲ್ಲಿ ಕೂತು ಫೋಟೋ ಎತ್ತಿಕೊಂಡಳು. "ಇದರಲ್ಲಿ ಅಂಚು ಬಾಗಿದೆ. ಲಿನ್ನೆಯಿನೇ. ಈ ಸಲ ನೀವು ಹೇಳಿದ್ದು ಸರಿ. ಬಡಿಸಿ."

ಸಿದ್ದಲಿಂಗಯ್ಯನವರ ಕಿವಿ ಕೆಂಪಾಯಿತು. ಫೋಟೋ ನೋಡಿದರು, ಹೆಂಡತಿಯನ್ನು ನೋಡಿದರು, ಒಂದು ಒಬ್ಬಟ್ಟು ತೆಗೆದು ತಟ್ಟೆಗೆ ಹಾಕಿದರು.

"ತುಪ್ಪ ಹಾಕ್ಲಾ... ಸರ್?"

"ಮೊದಲು ಆ ಮಾತು."

"ನೀನು ಹೇಳಿದ್ದೇ ಸರಿ," ಎಂದು ತಲೆ ಬಗ್ಗಿಸಿ ಗೊಣಗಿದರು.

"ಒಬ್ಬಟ್ಟಿಗಲ್ಲ, ನನಗೆ ಹೇಳಿ."

ಈ ಸಲ ಮುಖ ನೋಡಿ ಹೇಳಿದರು. ವಾಸಂತಿ ತುಪ್ಪಕ್ಕೆ ತಟ್ಟೆ ಚಾಚಿದಳು.